ನಮ್ಮ ಭಾಷೆಯವರು ಅಂತ ನಂಬಿದ್ದು

ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಣ್ಣನಿಗೆ ಅಡಿಕೆ ತೋಟ. ಬಿದ್ದ ಹಾಳೆಯೆಲ್ಲ ಸುಮ್ನೆ ಮರದ ಬುಡದಲ್ಲಿ ಕೊಳೆಯುತ್ತಿತ್ತು. ಅದರಲ್ಲಿ ತಟ್ಟೆ ಮಾಡಿದರೆ ಹೇಗೆ ಅಂತ ಅತ್ತಿಗೆಗೆ ಆಸೆ ಹುಟ್ಟಿತು. ಒಳ್ಳೆಯ ಆಸೆಯೇ. ಮದುವೆ, ಉಪನಯನ, ಕೋಲ, ಎಲ್ಲದಕ್ಕೂ ಈಗ ಹಾಳೆ ತಟ್ಟೆ ಕೇಳುವವರಿದ್ದಾರೆ.

ತೊಂದರೆ ಇದ್ದದ್ದು ಕಾಗದದಲ್ಲಿ. ಪಂಚಾಯತಿನದ್ದು ಮಲಯಾಳ, ಬ್ಯಾಂಕಿನದ್ದು ಇಂಗ್ಲಿಷ್. ಅತ್ತಿಗೆ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಸ್ಸಲ್ಲಿ, ಅಂಗಡಿಯಲ್ಲಿ ಮಲಯಾಳ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಸರಕಾರಿ ಮಲಯಾಳ ಬೇರೆಯೇ ಒಂದು ಭಾಷೆ. ಅದು ಮಲಯಾಳಿಗಳಿಗೇ ಅರ್ಥ ಆಗುತ್ತದೋ ಇಲ್ಲವೋ.

ಆಗ ಸಿಕ್ಕಿದವರು ಈ 'ಬಿಸಿನೆಸ್ ಕನ್ಸಲ್ಟೆಂಟ್'. ಪೇಟೆಯಲ್ಲಿ ಬೋರ್ಡು, ಒಳಗೆ ಎಸಿ, ಬಾಯಿ ತೆರೆದರೆ ಕನ್ನಡ. "ನೀವು ಎಂತ ತಲೆಬಿಸಿ ಮಾಡಬೇಡಿ ಅಕ್ಕ, ಸೈನ್ ಹಾಕಿ ಸಾಕು" ಅಂದರು. ಅತ್ತಿಗೆಗೆ ಅರ್ಧ ಜ್ವರ ಬಿಟ್ಟ ಹಾಗಾಯಿತು. ನಮ್ಮ ಭಾಷೆಯವರು, ಮೋಸ ಮಾಡಲಿಕ್ಕಿಲ್ಲ ಅಂತ ನಾನೂ ಹೇಳಿದೆ. ಹೇಳಿದ್ದು ನಾನೇ ಆದ್ದರಿಂದ ಇಲ್ಲಿ ಬರೆಯುವ ಸಾಲವೂ ನನ್ನದೇ.

ಅತ್ತಿಗೆ ಬ್ಯಾಂಕಿನಲ್ಲಿ ತೆಗೆದ ಸಾಲ ಪಿಎಂಇಜಿಪಿ ಅನ್ನುವ ಕೇಂದ್ರ ಸರಕಾರದ ಸ್ವಉದ್ಯೋಗ ಯೋಜನೆಯದ್ದು. ಹಳ್ಳಿಯಲ್ಲಿ ಹೆಂಗಸರು ಉದ್ಯೋಗ ಶುರು ಮಾಡಿದರೆ ಯೋಜನಾ ವೆಚ್ಚದ ಶೇ. 35 ಸಬ್ಸಿಡಿ. ಕೈಯಿಂದ ಹಾಕಬೇಕಾದದ್ದು ಶೇ. 5 ಮಾತ್ರ. ಇದು ನಿಜ. ಕನ್ಸಲ್ಟೆಂಟರ ಫೀಸು ಎಷ್ಟು ಅಂದರೆ, ಸಬ್ಸಿಡಿಯ ಶೇ. 10. "ನಿಮಗೆ ಸಿಕ್ಕಿದರೆ ಮಾತ್ರ ನನಗೆ" ಅಂದರು. ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ ಅಲ್ವಾ?

ನಮಗೆ ಬೇಕಾದ ಮೆಷಿನು, ಶೆಡ್ಡು, ಕರೆಂಟು ಎಲ್ಲ ಸೇರಿ 5 ಲಕ್ಷದಲ್ಲಿ ಆಗುತ್ತಿತ್ತು. ಅವರು ಬರೆದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ 8 ಲಕ್ಷ. 5 ಲಕ್ಷಕ್ಕೆ ಸಬ್ಸಿಡಿ 1 ಲಕ್ಷ 75 ಸಾವಿರ, ಅವರ ಪಾಲು 17,500. 8 ಲಕ್ಷಕ್ಕೆ ಸಬ್ಸಿಡಿ 2 ಲಕ್ಷ 80 ಸಾವಿರ, ಅವರ ಪಾಲು 28,000. ಪ್ರಾಜೆಕ್ಟ್ ದೊಡ್ಡದಾದಷ್ಟೂ ಅವರಿಗೆ ಜಾಸ್ತಿ. ಕಂತು ಕಟ್ಟುವವರು ಅತ್ತಿಗೆ. ಮೆಷಿನಿನ ಕೊಟೇಶನನ್ನೂ ಅವರೇ ತಂದರು, ಒಂದೇ ಕಡೆಯದ್ದು. ಅಂಥದ್ದೇ ಮೆಷಿನು ಪುತ್ತೂರಿನ ಕಡೆ ಕಡಿಮೆಗೆ ಸಿಗುತ್ತದೆ ಅಂತ ಗೊತ್ತಾದಾಗ ತಡವಾಗಿತ್ತು. ಮಾರಿದವನಿಂದ ತನಗೆ ಕಮಿಷನ್ ಉಂಟು ಅಂತ ಆಮೇಲೆ ಅವರೇ ನಗುತ್ತಾ ಒಪ್ಪಿಕೊಂಡರು. ಅದರಲ್ಲಿ ತಪ್ಪೇನಿದೆ ಅನ್ನುವ ನಗು.

ಇನ್ನೊಂದು ಮಾತನ್ನು ಅವರು ಹೇಳಲೇ ಇಲ್ಲ. ಈ ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಬ್ಯಾಂಕು ಅದನ್ನು 3 ವರ್ಷ ಠೇವಣಿಯಾಗಿ ಇಟ್ಟುಕೊಳ್ಳುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಘಟಕ ನಡೆಯುತ್ತಿದೆ ಅಂತ ನೋಡಿದ ಮೇಲೆ ಸಾಲಕ್ಕೆ ಜಮೆ. ಅತ್ತಿಗೆಗೆ ಸಬ್ಸಿಡಿ ದಕ್ಕುವುದು 3 ವರ್ಷ ಕಳೆದ ಮೇಲೆ. ಅವರ 28,000 ಮಾತ್ರ ಸಾಲ ಮಂಜೂರಾದ ವಾರವೇ ಹೋಯಿತು. ಅಸಲಿಗೆ ಅರ್ಜಿ ಹಾಕಲು ದುಡ್ಡೇ ಬೇಡ, ಮಧ್ಯವರ್ತಿಯೂ ಬೇಡ.

ಜಿಎಸ್‌ಟಿ ಕತೆ ಇನ್ನೂ ಚಂದ. "ತಲಪಾಡಿ ದಾಟಿ ಮಂಗಳೂರಿಗೆ ಮಾರುವುದಾದರೆ ರಿಜಿಸ್ಟ್ರೇಶನ್ ಬೇಕೇ ಬೇಕು" ಅಂದರು. ಗಡಿಯಲ್ಲಿ ಇರುವವರನ್ನು ಹೆದರಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ಇಲ್ಲ. ಅರ್ಧ ನಿಜ ಬೇರೆ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ವರ್ಷದ ವಹಿವಾಟಿನ 40 ಲಕ್ಷದ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿ ಮಾಡಿಸಲೇಬೇಕು. ಆದರೆ ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ, ಲೋಟಕ್ಕೆ 2019ರ ಅಕ್ಟೋಬರ್ 1ರಿಂದ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಹಂಗೂ ಇಲ್ಲ. ಇದು ಗೊತ್ತಿಲ್ಲದೆ ಮಾಡಿದರೋ ಗೊತ್ತಿದ್ದೂ ಮಾಡಿದರೋ, ಹೇಳಲಾರೆ. ರಿಟರ್ನ್ ಹಾಕಲು ತಿಂಗಳಿಗೆ 500 ರೂ. ಮಾತ್ರ ತಪ್ಪದೆ ತೆಗೆದುಕೊಂಡರು. ಎರಡು ತಿಂಗಳು ಹಾಕಲು ಮರೆತರು. ತೆರಿಗೆ ಸೊನ್ನೆ ಇದ್ದರೂ ತಡವಾದರೆ ದಿನಕ್ಕೆ 20 ರೂ. ದಂಡ. ಅದನ್ನು ಕಟ್ಟಿದ್ದು ಅತ್ತಿಗೆ.

ಜಿಎಸ್‌ಟಿ ಪೋರ್ಟಲಿನಲ್ಲಿ ಇದ್ದ ಮೊಬೈಲ್ ನಂಬರ್ ಯಾರದ್ದು ಹೇಳಿ? ಅವರದ್ದೇ. ಇಮೇಲೂ ಅವರದ್ದೇ. ಉದ್ಯೋಗ ಅತ್ತಿಗೆಯ ಹೆಸರಲ್ಲಿ, ಒಟಿಪಿ ಹೋಗುವುದು ಕನ್ಸಲ್ಟೆಂಟರ ಜೇಬಿಗೆ. ಪಾಸ್‌ವರ್ಡ್ ಕೇಳಿದರೆ "ಅದೆಲ್ಲ ನಿಮಗೆ ಯಾಕೆ ಅಕ್ಕ, ಕನ್‌ಫ್ಯೂಸ್ ಆಗುತ್ತದೆ" ಅಂತ ಉತ್ತರ. ಮನೆಯ ಬೀಗದ ಕೈಯನ್ನು ಮೇಸ್ತ್ರಿಯೇ ಇಟ್ಟುಕೊಂಡ ಹಾಗೆ.

ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆದವರಿಗೆ 1949ರ ಕಾನೂನು ಉಂಟು. ಕೆಲವು ವಿನಾಯಿತಿ ಬಿಟ್ಟರೆ, ಲಾಭದ ಮೇಲೆ ಶೇಕಡಾ ಲೆಕ್ಕದಲ್ಲಿ ಫೀಸು ಕೇಳುವ ಹಾಗಿಲ್ಲ. ಕೆಲಸದ ಫಲಿತಾಂಶಕ್ಕೆ ಫೀಸನ್ನು ಕಟ್ಟಿಹಾಕುವ ಹಾಗೂ ಇಲ್ಲ. ಮೊದಲು ಓದಿದಾಗ ಇದೆಂಥ ವಿಚಿತ್ರ ನಿಯಮ ಅನಿಸಿತ್ತು. 17,500 ಮತ್ತು 28,000ದ ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಗಿರಾಕಿಯ ಗುಟ್ಟು ಹೊರಗೆ ಹೇಳಿದರೆ, ಕೆಲಸದಲ್ಲಿ ಭಾರೀ ಅಸಡ್ಡೆ ಮಾಡಿದರೆ, ಗಿರಾಕಿಯ ಹಣವನ್ನು ಬೇರೆ ಖಾತೆಯಲ್ಲಿ ಇಡದಿದ್ದರೆ ಅವರ ಸಂಸ್ಥೆಗೇ ದೂರು ಕೊಡಬಹುದು. ಜಿಎಸ್‌ಟಿ ಪ್ರಾಕ್ಟೀಷನರ್ ಅಂತ ನೋಂದಾಯಿಸಿಕೊಂಡವರು ತಪ್ಪು ಮಾಡಿದರೂ ಅಧಿಕಾರಿಗಳು ಅವರನ್ನು ಅನರ್ಹ ಮಾಡಬಹುದು. 'ಬಿಸಿನೆಸ್ ಕನ್ಸಲ್ಟೆಂಟ್' ಅನ್ನುವ ಬೋರ್ಡಿಗೆ ಮಾತ್ರ ಪರೀಕ್ಷೆ ಇಲ್ಲ, ಸಂಸ್ಥೆ ಇಲ್ಲ. ಪೈಂಟರ್ ಒಬ್ಬ ಇದ್ದರೆ ಸಾಕು.

ಹಾಗಂತ ಎಲ್ಲರಿಗೂ ಲೈಸೆನ್ಸ್ ಮಾಡಿ ಅಂತ ನಾನು ಹೇಳುವುದಿಲ್ಲ. ಲೈಸೆನ್ಸ್ ಮಾಡಿಸಿಕೊಡಲು ಇನ್ನೊಬ್ಬ ಕನ್ಸಲ್ಟೆಂಟ್ ಹುಟ್ಟುತ್ತಾನೆ. ನನಗೆ ಬೇಕಾದದ್ದು ಒಂದೇ ಮಾತು, ಸೈನ್ ಹಾಕುವ ಮೊದಲು: "ಈ ಕೆಲಸದಲ್ಲಿ ನನಗೆ ನಿಮ್ಮಿಂದ ಇಷ್ಟು, ಇಂಥವರಿಂದ ಇಷ್ಟು ಬರುತ್ತದೆ." ಕಮಿಷನ್ ತಿನ್ನಲಿ ಮಾರಾಯ್ರೆ, ಹೇಳಿ ತಿನ್ನಲಿ. ಆಗ ಕೊಟೇಶನ್ ಇನ್ನೊಂದು ತರಿಸಬೇಕೋ ಬೇಡವೋ ನಾವು ನೋಡಿಕೊಳ್ಳುತ್ತೇವೆ.

ನಮ್ಮ ತಪ್ಪೂ ಉಂಟು. ತೋಟಕ್ಕೆ ಬೋರ್ಡೋ ಮದ್ದು ಹೊಡೆಸಲು ಆಳಿಗೆ ಕೇಳಿದಷ್ಟು ಕೊಡುತ್ತೇವೆ. ಬಾಯಿ ಮಾತಿನ ಸಲಹೆಗೆ 1,000 ರೂ. ಕೊಡಿ ಅಂದರೆ "ಹೇಳಲಿಕ್ಕೆ ಎಂತ ಖರ್ಚು?" ಅನ್ನುತ್ತೇವೆ. ನೇರ ಫೀಸು ಕೊಡದವರ ಹತ್ತಿರ ಅವರು ಸುತ್ತಿ ಬಳಸಿ ತೆಗೆದುಕೊಳ್ಳುತ್ತಾರೆ.

ಭಾಷೆಯ ವಿಷಯವನ್ನು ಬಿಟ್ಟರೆ ಕಾಸರಗೋಡಿನ ಕತೆ ಪೂರ್ತಿ ಆಗುವುದಿಲ್ಲ. ಇಲ್ಲಿಯ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು ಅಂತ ಕೇರಳದ 1969ರ ಭಾಷಾ ಕಾನೂನೇ ಹೇಳಿದೆ. 2022ರಲ್ಲಿ ಕೇರಳ ಸರಕಾರ ಸಂರಂಭಕ ವರ್ಷ, ಅಂದರೆ ಉದ್ಯಮ ವರ್ಷ, ಅಂತ ಶುರು ಮಾಡಿ, ಪಂಚಾಯತುಗಳಲ್ಲಿ ಉದ್ಯಮದ ಮಾಹಿತಿ ಕೊಡಲು ಹುಡುಗ ಹುಡುಗಿಯರನ್ನು ಕೂರಿಸಿತು. ಪುಕ್ಕಟೆ ಸಲಹೆ. ಅವರ ಹತ್ತಿರ ಮಲಯಾಳದಲ್ಲಿ ಕೇಳಲು ನಾಚಿಕೆಪಟ್ಟು ಅತ್ತಿಗೆ ಹೋಗಲಿಲ್ಲ. ಆ ನಾಚಿಕೆಯೇ ಕನ್ಸಲ್ಟೆಂಟರ ಬಂಡವಾಳ. ಎದುರಿಗಿದ್ದವರಿಗೆ ಓದಲು ಬಾರದ ಕಾಗದಕ್ಕೆ, ಓದಿ ಹೇಳದೆ ಸೈನ್ ಹಾಕಿಸುವುದು ನನ್ನ ಲೆಕ್ಕದಲ್ಲಿ ಕಮಿಷನ್ನಿಗಿಂತ ದೊಡ್ಡ ತಪ್ಪು.

ಕೊನೆಗೆ ನಾವು ಹೋದದ್ದು ಕಾಸರಗೋಡು ಪೇಟೆಯ ಒಬ್ಬರು ಸಿಎ ಹತ್ತಿರ. ಮಲಯಾಳಿ ಹೆಂಗಸು, ಕನ್ನಡ ತಡವರಿಸುತ್ತದೆ. ಕೂತ ಕೂಡಲೇ ಹೇಳಿದರು: "ಫೀಸು 2,500. ಜಿಎಸ್‌ಟಿ ಕ್ಯಾನ್ಸಲ್ ಮಾಡಿ ಕೊಡುತ್ತೇನೆ. ಮೆಷಿನ್ ವಿಷಯ ನನಗೆ ಅರಿಯೂಲ, ಚೋದಿಸಬೇಡಿ." ಗೊತ್ತಿಲ್ಲ, ಕೇಳಬೇಡಿ ಅಂತ. ಅರ್ಧ ಮಲಯಾಳದ ಆ ವಾಕ್ಯ ಅತ್ತಿಗೆಗೆ ಪೂರ್ತಿ ಅರ್ಥವಾಯಿತು. ನಂಬರ್ ಬದಲಿಸಲು ತೆರಿಗೆ ಆಫೀಸಿಗೆ ಎರಡು ಸಲ ಹೋದೆವು. ಕ್ಯಾನ್ಸಲ್ ಆದ ಮೇಲೂ 3 ತಿಂಗಳೊಳಗೆ ಒಂದು ಕೊನೆಯ ರಿಟರ್ನ್ ಹಾಕಬೇಕು ಅಂತ ಕ್ಯಾಲೆಂಡರಿನಲ್ಲಿ ತಾರೀಕಿಗೆ ವೃತ್ತ ಹಾಕಿಸಿದ್ದೂ ಅವರೇ.

ಮೊನ್ನೆ ಅತ್ತಿಗೆ ತಟ್ಟೆ ಒತ್ತುತ್ತಿದ್ದಾಗ ಫೋನ್ ಟಿಣ್ ಅಂತು. ಮೆಷಿನ್ ನಿಲ್ಲಿಸಿ ಓಡಿ ಬಂದರು. "ಒಟಿಪಿ ಬಂತು, ನನಗೇ ಬಂತು!" ನೋಡಿದರೆ ಗ್ಯಾಸ್ ಬುಕಿಂಗಿನದ್ದು.