3000 ಎಂಎಂ

ಚಂದ್ರು ಹೊಸ ಟೆಂಟ್ ತಗೊಂಡ ದಿನದಿಂದ ನಮಗೆ ನೆಮ್ಮದಿ ಇರಲಿಲ್ಲ. ದಿನಾ ಅದರದ್ದೇ ಫೋಟೊ. ಮನೆಯ ಹಾಲಿನಲ್ಲಿ ಬಿಡಿಸಿಟ್ಟ ಟೆಂಟ್, ಟೆರೇಸಿನ ಮೇಲೆ ಟೆಂಟ್, ಒಳಗೆ ಕಾಲು ಚಾಚಿ ಮಲಗಿದ ಚಂದ್ರು, ಹಿಂದೆ ಕೈ ಕಟ್ಟಿ ನಿಂತ ಅವನ ಹೆಂಡತಿ. ಕೆಳಗೆ ‘3000 ಎಂಎಂ ವಾಟರ್‌ಪ್ರೂಫ್ ಕಣ್ರೋ’ ಅಂತ ಒಂದು ಸಾಲು. ಅಂದರೆ ಆ ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೂ ಒಂದು ಹನಿ ಕೆಳಗಿಳಿಯುವುದಿಲ್ಲವಂತೆ. ‘ಮೂರು ಮೀಟರ್ ನೀರಿನ ಕೆಳಗೆ ಯಾವನು ಮಲಗ್ತಾನೋ’ ಎಂದು ಗಿರಿ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ನಾನೇನು ಸಾಚಾ ಅಲ್ಲ. ಕೆಸರಿನಲ್ಲಿ ಓಡಿಸಬೇಕು ಅಂತ ಬೈಕಿಗೆ ದಪ್ಪ ದಪ್ಪ ಬಟನ್ ಟೈರ್ ಹಾಕಿಸಿದ್ದೆ. ಮಂಡಿಗೆ ಗಾರ್ಡು, ಮೊಣಕೈಗೆ ಗಾರ್ಡು, ಮೊಣಕಾಲುದ್ದ ಬೂಟು. ನಾಲ್ಕು ತಿಂಗಳು ಇಷ್ಟನ್ನೂ ಹೊತ್ತುಕೊಂಡು ಹೋಗಿದ್ದು ಮನೆಯಿಂದ ಆಫೀಸಿಗೆ, ಆಫೀಸಿಂದ ಮನೆಗೆ. ಡಾಂಬರಿನ ಮೇಲೆ ಆ ಟೈರು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಬೀದಿ ನಾಯಿಗಳು ಬಿಟ್ಟರೆ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಕೊನೆಗೆ ಟೆಂಟ್ ಕಟ್ಟಿಕೊಂಡು ಬೈಕಿನಲ್ಲಿ ಹೊರಡುವ ದಿನ ಗೊತ್ತಾಯಿತು. 2024ರ ಡಿಸೆಂಬರ್ 1, ಭಾನುವಾರ. ಸೋಮವಾರಕ್ಕೆ ಮೂವರೂ ರಜೆ ಹಾಕಿದೆವು. ನನ್ನ ಅರ್ಜಿಯಲ್ಲಿ ಕಾರಣ: ‘ಊರಿನಲ್ಲಿ ಜಮೀನಿನ ಕೆಲಸ’. ನನಗೆ ಊರಲ್ಲಿ ಜಮೀನಿಲ್ಲ. ಇರುವುದು ಬೆಂಗಳೂರಿನ ಬಾಲ್ಕನಿಯಲ್ಲಿ ಎರಡು ಕುಂಡ.

ಹಿಂದಿನ ರಾತ್ರಿಯಷ್ಟೇ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತ್ತು. ಅಮ್ಮ ಟಿವಿ ಮುಂದೆ ಕೂತು, ‘ಇಂಥಾ ಹೊತ್ತಲ್ಲಿ ಯಾರಾದ್ರೂ ಹೋಗ್ತಾರೇನೋ’ ಅಂದರು. ‘ಅದಿರೋದು ಆ ಕಡೆ ಅಮ್ಮ, ನಾವು ಹೋಗ್ತಿರೋದು ಈ ಕಡೆ’ ಎಂದೆ. ನನಗೆ ಗೊತ್ತಿರಲಿಲ್ಲ, ಅದೂ ಈ ಕಡೆಗೇ ಹೊರಟಿತ್ತು. ಕರ್ನಾಟಕ ದಾಟಿ ಅರಬ್ಬಿ ಸಮುದ್ರ ಸೇರುವ ಪ್ಲಾನ್ ಅದರದ್ದು. ಹೆಚ್ಚುಕಮ್ಮಿ ನಮ್ಮದೇ ರೂಟು.

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ದಾರಿಯಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಸಕಲೇಶಪುರ ದಾಟಿ ಹೆತ್ತೂರಿನ ಕಡೆ ತಿರುಗಿದರೆ ಗಿರಿಯ ಸೋದರಮಾವನ ಕಾಫಿ ತೋಟ. ನಾವೂ ಅವರನ್ನು ಮಾವ ಅಂತಲೇ ಕರೆಯುವುದು. ಡಾಂಬರು ಬಿಟ್ಟು ತೋಟಕ್ಕೆ ನಾಲ್ಕು ಕಿಲೋಮೀಟರ್ ಮಣ್ಣು ರಸ್ತೆ. ಇಳಿಜಾರು, ತಿರುವು, ಎರಡೂ ಕಡೆ ಸಿಲ್ವರ್ ಓಕ್. ಕೆಸರು ಮಾತ್ರ ಇಲ್ಲ! ಗಟ್ಟಿ ನೆಲ, ಮೇಲೆ ಒಂದಿಷ್ಟು ಧೂಳು. ಹತ್ತೇ ನಿಮಿಷಕ್ಕೆ ಮನೆ ಅಂಗಳದಲ್ಲಿದ್ದೆವು. ಇಷ್ಟಕ್ಕೆ ಇಷ್ಟೆಲ್ಲ ಗಾರ್ಡ್ ಕಟ್ಟಿಕೊಂಡು ಬಂದೆವಲ್ಲ ಅಂತ ಹೊಟ್ಟೆ ಉರಿಯಿತು.

ಹಳ್ಳದ ದಂಡೆಯಲ್ಲಿ ಟೆಂಟ್ ಹಾಕುವುದು ಅಂತ ಮಾತಾಗಿತ್ತು. ಮಾವ ಮೊಬೈಲ್ ತೆಗೆದು ತೋರಿಸಿದರು. ಆನೆ ಎಲ್ಲಿದೆ ಅಂತ ತಿಳಿಸುವ ವಾಟ್ಸಾಪ್ ಗ್ರೂಪು. ಆ ಕಡೆ ಆನೆ ಹಿಂಡುಗಳಿಗೂ ಬೀಟಮ್ಮ, ಭುವನೇಶ್ವರಿ ಅಂತ ಹೆಸರಿದೆ. ‘ಹಳ್ಳಕ್ಕೆ ಅವ್ರೂ ಬರ್ತಾರೆ. ನೀವು ಕಣದಲ್ಲಿ ಹಾಕ್ಕೊಳ್ಳಿ ಮಾರಾಯ್ರಾ’ ಅಂದರು. ಕಣ ಅಂದರೆ ಕಾಫಿ ಒಣಗಿಸುವ ಸಿಮೆಂಟ್ ಅಂಗಳ. ಮನೆ ಬಾಗಿಲಿಂದ ಮೂವತ್ತು ಹೆಜ್ಜೆ. ಮೇಲೆ ಟ್ಯೂಬ್‌ಲೈಟ್. ಟೆಂಟಿನ ಗೂಟ ಸಿಮೆಂಟಿಗೆ ಇಳಿಯುವುದಿಲ್ಲವಲ್ಲ, ನಾಲ್ಕು ಮೂಲೆಗೂ ಇಟ್ಟಿಗೆ ಕಟ್ಟಿ ನಿಲ್ಲಿಸಿದೆವು. ಅತ್ತೆ ಜಗಲಿಯಲ್ಲಿ ನಿಂತು ನೋಡಿ ನೋಡಿ, ‘ಒಳಗೆ ನಾಲ್ಕು ರೂಮಿದೆ. ನೆಂಟರನ್ನ ಕಣದಲ್ಲಿ ಮಲಗಿಸಿದ್ದಾರೆ ಅಂತ ಊರವ್ರು ನನ್ನ ಆಡ್ಕೊಳ್ತಾರೆ’ ಅಂತ ಬೇಜಾರು ಮಾಡಿಕೊಂಡರು. ‘ಇದು ಕ್ಯಾಂಪಿಂಗ್ ಅತ್ತೆ’ ಎಂದ ಗಿರಿ. ಕ್ಯಾಂಪಿಂಗ್ ಅಂದಮೇಲೆ ನಮ್ಮ ಅಡುಗೆ ನಾವೇ ಮಾಡಿಕೊಳ್ಳಬೇಕು. ಪುಟ್ಟ ಒಲೆಯಲ್ಲಿ ನೂಡಲ್ಸಿಗೆ ನೀರಿಟ್ಟೆವು. ಅದು ಕುದಿಯುವ ಮೊದಲೇ ಕಡುಬು, ಕೋಳಿ ಸಾರು ಬಂತು. ಒಲೆ ಆರಿಸಿದೆವು.

ಊಟದ ಹೊತ್ತಿಗೆ ಚಂದ್ರು ಮಾವನಿಗೂ 3000 ಎಂಎಂ ಕಥೆ ಶುರು ಮಾಡಿದ. ಕಾಫಿ ಸೀಮೆಯವರು ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು. ‘ಅದು ಎಷ್ಟು ಇಂಚಾಗ್ತದೆ?’ ಎಂದು ಕೇಳಿದರು. ಮೊಬೈಲಿನಲ್ಲಿ ಲೆಕ್ಕ ಹಾಕಿ ‘118 ಇಂಚು’ ಎಂದ. ಮಾವ ಟೆಂಟಿನ ಕಡೆ ಮೊದಲ ಸಲ ಮರ್ಯಾದೆಯಿಂದ ನೋಡಿದರು. ‘ಹಂಗಾದ್ರೆ ಒಂದು ಮಳೆಗಾಲ ತಡೀತದೆ.’

ಅಲ್ಲಿಗೆ ಸುಮ್ನಿದ್ದಿದ್ದರೆ ಆಗುತ್ತಿತ್ತು. ನಾನು ಕೈ ನೆಕ್ಕುತ್ತಾ, ‘ಏನೇ ಹೇಳಿ ಮಾವ, ಒಂದು ಮಳೆ ಬಂದಿದ್ರೆ ಮಜಾ ಇರ್ತಿತ್ತು’ ಅಂದುಬಿಟ್ಟೆ.

ಜಗಲಿ ತಣ್ಣಗಾಯಿತು. ಅತ್ತೆ ಸೌಟು ಹಿಡಿದುಕೊಂಡು ಒಳಗೆ ಹೋದರು. ಗಿರಿ ನನ್ನ ಕಾಲು ತುಳಿದ. ಅದು ಅರೇಬಿಕಾ ಕೊಯ್ಲಿನ ಕಾಲ. ಕಾಫಿಗೆ ಮಳೆ ಬೇಕಾಗುವುದು ಫೆಬ್ರವರಿ, ಮಾರ್ಚಿನಲ್ಲಿ, ಹೂ ಅರಳಲಿಕ್ಕೆ. ಡಿಸೆಂಬರಿನಲ್ಲಿ ಬಂದರೆ ಗಿಡದಲ್ಲಿರುವ ಹಣ್ಣು ಉದುರುತ್ತದೆ, ಕಣದಲ್ಲಿರುವುದಕ್ಕೆ ಬೂಷ್ಟು ಹಿಡಿಯುತ್ತದೆ. ಅದೂ ಕಾಫಿ ರೇಟು ಹಿಂದೆಂದೂ ಇಲ್ಲದಷ್ಟು ಏರಿದ್ದ ವರ್ಷ. ಇದನ್ನೆಲ್ಲ ಮಾವ ನಿಧಾನವಾಗಿ, ಕೋಪವಿಲ್ಲದೆ ಹೇಳಿದರು. ಬೈದಿದ್ದರೇ ವಾಸಿ ಇತ್ತು.

ರಾತ್ರಿ ಎರಡರ ಸುಮಾರಿಗೆ ಟೆಂಟಿನ ಮೇಲೆ ಯಾರೋ ರಾಗಿ ಸುರಿದ ಹಾಗೆ ಸದ್ದು. ‘ನೋಡ್ರೋ, ಒಂದು ಹನಿ ಒಳಗೆ ಬಂತಾ?’ ಎಂದ ಚಂದ್ರು, ಕತ್ತಲಲ್ಲೂ ಅವನು ಹಲ್ಲು ಕಿಸಿಯುವುದು ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮಾವನ ಕೂಗು.

‘ಏಳ್ರೋ! ಕಾಫಿ!’

ಕಣದಲ್ಲಿ ಐದು ಗುಡ್ಡೆ. ನಾಲ್ಕಕ್ಕೆ ಒಳ್ಳೆ ಟಾರ್ಪಾಲು. ಐದನೆಯದಕ್ಕೆ ಹೊದಿಸಿದ್ದು ಇಲಿ ಕಡಿದ ಹಳೇ ಟಾರ್ಪಾಲು, ಗಾಳಿಗೆ ಅದು ಉದ್ದಕ್ಕೆ ಸೀಳಿಕೊಂಡಿತ್ತು. ಮಾವ ಲುಂಗಿ ಮೇಲೆ ಕಟ್ಟಿ, ಗೋರೆಯಿಂದ ಕಾಫಿ ಎಳೆಯುತ್ತಿದ್ದರು. ಅತ್ತೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೊಡೆ. ಕೊಡೆ ಕಾಫಿಗೆ, ತಲೆಗಲ್ಲ. ಮಾವ ನಮ್ಮ ಕಡೆ ತಿರುಗಿದರು.

‘ಚಂದ್ರು, ಆ 118 ಇಂಚು ಬಿಚ್ಚು.’

‘ಮಾವ, ಒಳಗೆ ನನ್ನ ಬಟ್ಟೆ, ಬ್ಯಾಗು...’

‘ಬಟ್ಟೆ ಒಣಗ್ತದೆ ಮಾರಾಯ. ಬಿಚ್ಚು!’

ಯೂಟ್ಯೂಬ್ ನೋಡಿ ನಿಲ್ಲಿಸಲು ನಲವತ್ತು ನಿಮಿಷ ಹಿಡಿದಿದ್ದ ಟೆಂಟು ಎರಡು ನಿಮಿಷದಲ್ಲಿ ಕಾಫಿ ಮೇಲಿತ್ತು. ಗಾಳಿ ಎತ್ತಿಕೊಂಡು ಹೋಗದ ಹಾಗೆ ಅಂಚಿಗೆ ಭಾರ ಬೇಕಲ್ಲ, ಇದ್ದ ನಾಲ್ಕು ಇಟ್ಟಿಗೆ ಸಾಲಲಿಲ್ಲ. ನನ್ನ ಬೂಟು ಇಟ್ಟೆವು. ಮಂಡಿ ಗಾರ್ಡು, ಅಡುಗೆ ಒಲೆ, ಮೂರು ಹೆಲ್ಮೆಟ್ಟು ಇಟ್ಟೆವು. ಒಂದು ಮೂಲೆಗೆ ಏನೂ ಉಳಿಯದೆ ಗಿರಿಯೇ ಕೂತ. ನಾಲ್ಕು ತಿಂಗಳಲ್ಲಿ ನಮ್ಮ ಸಾಮಾನೆಲ್ಲ ಕೆಲಸಕ್ಕೆ ಬಂದಿದ್ದು ಅದೇ ಮೊದಲು.

ಉಳಿದ ರಾತ್ರಿಯನ್ನು ಅತ್ತೆಯ ನಾಲ್ಕು ರೂಮುಗಳಲ್ಲೊಂದರಲ್ಲಿ, ಮಾವನ ಲುಂಗಿ ಸುತ್ತಿಕೊಂಡು ಕಳೆದೆವು. ‘ಆಗ್ಲೇ ಹೇಳಿದ್ನಲ್ಲ’ ಅಂತ ಅತ್ತೆ ಹೇಳಲಿಲ್ಲ. ಟವೆಲ್ ಕೊಡುವಾಗ ಮುಖದಲ್ಲಿ ಅದೇ ಇತ್ತು.

ಬೆಳಗ್ಗೆ ಮಾವ ಮಳೆ ಅಳೆಯುವ ಡಬ್ಬ ನೋಡಿ ಬಂದು, ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದರು. ಹೇಳಿದ್ದು ಎಲ್ಲರಿಗೂ, ನೋಡಿದ್ದು ನನ್ನನ್ನು. ನಾನು ಅವಸರದಲ್ಲಿ ಹೆಲ್ಮೆಟ್ ಹಾಕಿಕೊಂಡೆ. ಅದನ್ನು ರಾತ್ರಿಯಿಡೀ ಮಗುಚಿಟ್ಟಿದ್ದು ಮರೆತುಹೋಗಿತ್ತು. ಇಪ್ಪತ್ತು ಸೆಂಟು ನನ್ನ ಕತ್ತಿನಿಂದ ಬೆನ್ನಿಗಿಳಿಯಿತು.

ಅದೇ ನಾಲ್ಕು ಕಿಲೋಮೀಟರ್. ನಿನ್ನೆ ಹತ್ತು ನಿಮಿಷ, ಇವತ್ತು ಮೂರು ಗಂಟೆ. ನೆಲ ಅಕ್ಕಿರೊಟ್ಟಿ ಹಿಟ್ಟಿನ ಹದಕ್ಕೆ ಬಂದಿತ್ತು. ಗಿರಿ ಮೊದಲ ತಿರುವಿನಲ್ಲೇ ರಸ್ತೆ ಬಿಟ್ಟು ಕಾಫಿ ಸಾಲಿನ ನಡುವಿನ ತೊಟ್ಟಿಲು ಗುಂಡಿಗೆ ಹೋದ. ಮಳೆ ನೀರು ಇಂಗಲಿ ಅಂತ ತೆಗೆದ ಗುಂಡಿ ಅದು, ಆದರೆ ಅವನು ಮಲಗಿದ್ದ ರೀತಿ ನೋಡಿದರೆ ಹೆಸರು ಸರಿಯಾಗೇ ಇಟ್ಟಿದ್ದಾರೆ. ಚಂದ್ರುವಿಗೆ ಬೇರೆಯೇ ದುಃಖ. ಟೆಂಟ್ ಕಾಫಿ ಮೇಲೇ ಉಳಿದಿತ್ತು. ಮಳೆ ನಿಲ್ಲದೆ ತೆಗೆಯುವ ಹಾಗಿರಲಿಲ್ಲ. ಐದು ನಿಮಿಷಕ್ಕೊಮ್ಮೆ ಹಿಂತಿರುಗಿ ನೋಡುತ್ತಿದ್ದ.

ನನ್ನ ಗಾಡಿ 199 ಕೆಜಿ. ಅರ್ಧ ಕಿಲೋಮೀಟರಿಗೆ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಎರಡು ಬೆರಳಿನ ಜಾಗದಲ್ಲಿ ಕೆಂಪು ಮಣ್ಣು, ಎಲೆ, ಕಡ್ಡಿ ಎಲ್ಲ ಸೇರಿ ಗಾರೆಯ ಹಾಗೆ ಮೆತ್ತಿಕೊಂಡಿತ್ತು. ಕಡ್ಡಿಯಿಂದ ಕೆದಕಿದೆ. ಇಪ್ಪತ್ತು ಹೆಜ್ಜೆ ಹೋಯಿತು, ಮತ್ತೆ ತುಂಬಿತು. ಕೆದಕಿದೆ, ತುಂಬಿತು. ಮೂರನೇ ಸಲ ಚಕ್ರ ನಿಂತರೂ ಗಾಡಿ ನಿಲ್ಲಲಿಲ್ಲ. ಜಾರುಬಂಡೆಯ ಮೇಲೆ ಜಾರಿದ ಹಾಗೆ ತನ್ನ ಪಾಡಿಗೆ ತಾನು ಇಳಿಯಿತು. ನಾನು ಅದರ ಜೊತೆ ಸ್ವಲ್ಪ ದೂರ ಹೋಗಿ, ಆಮೇಲೆ ಬೇರೆ ದಾರಿ ಹಿಡಿದೆ.

ಆಗ ಬಂದದ್ದು ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟ್ರು. ಟಿವಿಎಸ್ ಎಕ್ಸ್‌ಎಲ್ ಮೇಲೆ, ಹಿಂದೆ ಒಂದು ಮೂಟೆ, ತಲೆಗೆ ಗೊಬ್ಬರ ಚೀಲದ ಕೊಪ್ಪೆ. ರಸ್ತೆ ಬಿಟ್ಟು ಅಂಚಿನ ಹುಲ್ಲಿನ ಮೇಲೆ ಕಾಲು ಊರಿಕೊಂಡು ಬರುತ್ತಿದ್ದರು. ನಮ್ಮನ್ನು ನೋಡಿ ನಿಲ್ಲಿಸಿದರು.

‘ಮಡ್‌ಗಾರ್ಡ್ ಬಿಚ್ಚಿ ಸಾರ್.’

‘ಬಿಚ್ಚಿದ್ರೆ ಮಣ್ಣು ಹಾರಲ್ವಾ?’

ರೈಟ್ರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಕೂದಲಲ್ಲಿ ಮಣ್ಣು, ಕಿವಿಯಲ್ಲಿ ಮಣ್ಣು. ಏನೂ ಹೇಳದೆ ಡಿಕ್ಕಿಯಿಂದ ಹತ್ತು ನಂಬರ್ ಸ್ಪ್ಯಾನರ್ ತೆಗೆದುಕೊಟ್ಟರು. ನಾಲ್ಕು ಬೋಲ್ಟು ಅಷ್ಟೇ. ಅದಿಲ್ಲದೆ ಚಕ್ರ ಆರಾಮಾಗಿ ತಿರುಗಿತು. ರೈಟ್ರ ಹಿಂದೆ, ಹುಲ್ಲಿನ ಮೇಲೆ, ಅವರ ಹಾಗೇ ಕಾಲು ಊರಿಕೊಂಡು ಡಾಂಬರು ಮುಟ್ಟಿದೆವು.

ಮಂಗಳವಾರ ಮ್ಯಾನೇಜರ್ ‘ಜಮೀನಿನ ಕೆಲಸ ಆಯ್ತಾ?’ ಎಂದು ಕೇಳಿದರು. ‘ಕಾಫಿಗೆ ಹೊದಿಸಿ ಬಂದೆವು ಸಾರ್’ ಎಂದೆ. ಉಗುರಿನಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಪಾಪ, ತೋಟದವನು ಅಂತ ಅವತ್ತಿಂದ ನನ್ನ ಮೇಲೆ ಅವರಿಗೆ ಗೌರವ ಸ್ವಲ್ಪ ಜಾಸ್ತಿ ಆಗಿದೆ.

ವಾರ ಬಿಟ್ಟು ಮಾವನ ಫೋನು. ಚಂದ್ರು ಸ್ಪೀಕರಿಗೆ ಹಾಕಿದ. ಐದನೇ ಗುಡ್ಡೆಗೆ ಏನೂ ಆಗಿಲ್ಲವಂತೆ. ಚಂದ್ರುವಿನ ಎದೆ ಉಬ್ಬಿತು. ‘ಹಾಗಾದ್ರೆ ಟೆಂಟು ಬಸ್ಸಿಗೆ ಹಾಕಿ ಕಳಿಸ್ತೀರಾ ಮಾವ?’

‘ಅದಿರ್ಲಿ ಬಿಡೋ. ಇನ್ನೂ ರೊಬಸ್ಟಾ ಕೊಯ್ಲಿದೆ. ಎರಡು ಕೆಜಿ ಪುಡಿ ಕಳಿಸಿದೀನಿ. ಅಂದ ಹಾಗೆ, ಅಂಥದ್ದು ಇನ್ನೆರಡು ಬೇಕಿತ್ತಲ್ಲ. ಕೋಲು, ಗೂಟ, ಜಿಪ್ಪು ಏನೂ ಬೇಡ. ಬರೀ ಬಟ್ಟೆ ಎಷ್ಟಾಗ್ತದೆ ಕೇಳು.’