ಏನೂ ಆಗಲ್ಲ ಮಾರಾಯ

ನಮ್ಮ ಕಾರು 60ಕ್ಕೆ ನಡುಗುತ್ತದೆ. 50ರಲ್ಲಿ ಸಾಧು. 70 ದಾಟಿದರೆ ಮತ್ತೆ ಸಾಧು. ನಡುವೆ ಇದೆಯಲ್ಲ, 55ರಿಂದ 65, ಅಲ್ಲಿ ಮಾತ್ರ ಅದಕ್ಕೆ ಚಳಿಜ್ವರ. ಇವತ್ತು ಬೆಳಿಗ್ಗೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಸಕ್ರೆಬೈಲು ದಾಟುವ ಹೊತ್ತಿಗೆ ಶುರುವಾಯಿತು. ಸ್ಟೇರಿಂಗ್ ನಡುಗಿತು, ಸೀಟು ನಡುಗಿತು, ಹಿಂದಿನ ಸೀಟಿನಲ್ಲಿದ್ದ ಕಡುಬಿನ ಡಬ್ಬಿಯ ಮುಚ್ಚಳ ತಾಳ ಹಾಕಿತು. ಪಕ್ಕದಲ್ಲಿದ್ದ ಹೆಂಡತಿ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು, ಅಷ್ಟೇ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಮೊದಲ ಒಂದು ತಿಂಗಳು ನಾನು ರಸ್ತೆಗೆ ಬೈದಿದ್ದೆ. ಮಲೆನಾಡಲ್ಲಿ ಕಾರು ನಡುಗಿದರೆ ಯಾರೂ ಕಾರಿನ ಮೇಲೆ ಅನುಮಾನ ಪಡುವುದಿಲ್ಲ. ಮಳೆಗಾಲದಲ್ಲಿ ರಸ್ತೆ ಅಂದರೆ ಗುಂಡಿಗಳ ನಡುವೆ ಅಲ್ಲಲ್ಲಿ ಉಳಿದ ಡಾಂಬರು ತಾನೆ. ಆಮೇಲೆ ಒಂದು ಕಡೆ ಹೊಸದಾಗಿ ಡಾಂಬರು ಹಾಕಿದರು. ಬಾಳೆ ಎಲೆ ಹಾಸಿದ ಹಾಗೆ ನುಣುಪು. ಅದರ ಮೇಲೂ ನಡುಗಿತು. ಅವತ್ತಿಗೆ ನನ್ನ ಕಡೆಯ ಸಾಕ್ಷಿ ಬಿದ್ದುಹೋಯಿತು.

ಆಟೋಮ್ಯಾಟಿಕ್ ಗಾಡಿ ಯಾಕೆ ತಗೊಂಡೆ ಅಂತ ಕೇಳಬೇಡಿ. ಎಡ ಮಂಡಿ. ಕ್ಲಚ್ ತುಳಿದು ತುಳಿದು ಸವೆದಿದೆ ಅಂತ ನಾನು ಹೇಳುತ್ತೇನೆ, ವಯಸ್ಸು ಅಂತ ಡಾಕ್ಟರು ಹೇಳುತ್ತಾರೆ. ಕ್ಲಚ್ಚೇ ಬೇಡ ಅಂತ ಈ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಈಗ ನೋಡಿದರೆ ಕ್ಲಚ್ ಇದೆ. ನನ್ನ ಕಾಲಿಗೆ ಸಿಗದ ಜಾಗದಲ್ಲಿದೆ. ಸವೆದಿರುವುದೂ ಅದೇ.

ಗ್ಯಾರೇಜಿನ ಹುಡುಗ ಚೆನ್ನಾಗಿ ಬಿಡಿಸಿ ಹೇಳಿದ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ ಸಾರ್. ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಇನ್ನೊಂದೂ ತಿರುಗ್ತದೆ ಅಲ್ವಾ? ಆಟೋಮ್ಯಾಟಿಕ್ ಗಾಡೀಲಿ ಇಂಜಿನ್ ಬಲ ಗೇರ್‌ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರ್ ಅಂದ್ರೆ ಅದೇ, ಗಾಳಿ ಬದಲು ಎಣ್ಣೆ. ಇಂಜಿನ್ ಕಡೆಯ ರೆಕ್ಕೆ ಎಣ್ಣೆ ಎರಚುತ್ತದೆ, ಆ ರಭಸಕ್ಕೆ ಗೇರ್‌ಬಾಕ್ಸ್ ಕಡೆಯ ರೆಕ್ಕೆ ತಿರುಗುತ್ತದೆ. ನಡುವೆ ಇನ್ನೊಂದು ಚಿಕ್ಕ ರೆಕ್ಕೆ ಕೂತು ಎಣ್ಣೆಯ ದಿಕ್ಕು ತಿರುಗಿಸಿ, ಗಾಡಿ ಹೊರಡುವಾಗ ಜಾಸ್ತಿ ಬಲ ಕೊಡುತ್ತದೆ. ಆದರೆ ಎಣ್ಣೆಯ ನಂಟು ಸಡಿಲ, ಸ್ವಲ್ಪ ಜಾರಿಯೇ ಜಾರುತ್ತದೆ. ಅದಕ್ಕೆ ಗಾಡಿ ಒಂದು ಹದಕ್ಕೆ ಬಂದ ಮೇಲೆ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ನನ್ನದರಲ್ಲಿ ಅದರ ಲೈನಿಂಗ್ ಸವೆದಿದೆ. ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಆ ಜಗ್ಗಾಟವೇ ನಡುಕ.

ಮೊದಲು ಆಯಿಲ್ ಬದಲಿಸಿ ನೋಡೋಣ ಅಂದ. ಎಷ್ಟೋ ಗಾಡಿಗಳಲ್ಲಿ ಆಯಿಲ್ ಹಳತಾಗಿಯೇ ನಡುಕ ಬರುವುದುಂಟಂತೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಪೂರ್ತಿ ಇಳಿಯುವುದಿಲ್ಲ, ಒಂದು ಪಾಲು ಕನ್ವರ್ಟರ್ ಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗಾಗಿ ಎರಡು ಸಲ ಇಳಿಸಿ ತುಂಬಿದರು, ಎರಡು ಸಲ ದುಡ್ಡು ಕೊಟ್ಟೆ. ಹೊಸ ಆಯಿಲ್ ಪುನರ್ಪುಳಿ ಶರಬತ್ತಿನ ಬಣ್ಣ. ನನ್ನ ಕಾರಿಂದ ಇಳಿದದ್ದು ಒಲೆ ಮೇಲೆ ಮರೆತ ಕಷಾಯ. ಸುಟ್ಟ ವಾಸನೆ ಬೇರೆ. ಹುಡುಗ ಅದರಲ್ಲಿ ಒಂದು ತೊಟ್ಟು ಬಿಳಿ ಬಟ್ಟೆಗೆ ಉಜ್ಜಿ ಬಿಸಿಲಿಗೆ ಹಿಡಿದ. ಹೊಳೆಯ ಮರಳಲ್ಲಿ ಕಾಗೆಬಂಗಾರ ಮಿನುಗುತ್ತದಲ್ಲ, ಹಾಗೆ ಸಣ್ಣಗೆ ಮಿನುಗಿತು.

"ಚಂದ ಇದೆಯಲ್ಲ, ಏನದು?" ಅಂದೆ.

"ಅದು ನಿಮ್ಮ ಗಾಡಿ ಸಾರ್" ಅಂದ.

ಕಬ್ಬಿಣದ ಪುಡಿ. ಅದು ಎಣ್ಣೆ ಜೊತೆ ಗೇರ್‌ಬಾಕ್ಸ್ ಪೂರ್ತಿ ಸುತ್ತುತ್ತದೆ, ಎಣ್ಣೆಯನ್ನು ಬೇಕಾದ ಕಡೆಗೆ ಹಾಯಿಸುವ ವಾಲ್ವ್ ಬಾಡಿಯ ಸಣ್ಣ ಸಣ್ಣ ದಾರಿಗಳಲ್ಲಿ ಹೋಗಿ ಕೂರುತ್ತದೆ. ಹೀಗೇ ಓಡಿಸಿದರೆ ಕನ್ವರ್ಟರ್ ಒಂದರಿಂದ ಮುಗಿಯುವುದಿಲ್ಲ. ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಖರ್ಚು ಎಷ್ಟಾಗುತ್ತದೆ ಅಂತ ಕೇಳಿದ್ದಕ್ಕೆ ಬಾಯಲ್ಲಿ ಹೇಳಲಿಲ್ಲ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ನನ್ನ ಕಡೆ ತಿರುಗಿಸಿದ. ದೊಡ್ಡ ಕಾಯಿಲೆಯ ಹೆಸರನ್ನು ಯಾರೂ ಜೋರಾಗಿ ಹೇಳಲ್ಲವಲ್ಲ, ಹಾಗೆ. ಸದ್ಯಕ್ಕೆ ಹೊಸ ಆಯಿಲಿನಲ್ಲಿ ಓಡಿಸಿ ನೋಡುತ್ತೇನೆ ಅಂತ ಬಂದೆ. ಎರಡು ವಾರ ಕಾರು ಹೊಸ ಸೊಸೆಯ ಹಾಗೆ ಇತ್ತು. ಮೂರನೇ ವಾರ ಮತ್ತೆ ಅದೇ.

ಈ ಹೊತ್ತಲ್ಲಿ ನಮ್ಮ ಭಾವ ಬಂದರು. ಅಕ್ಕನ ಗಂಡ. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಭಾವನ ಮನೆಯಲ್ಲಿ ಹಾಳಾದ ವಸ್ತು ಅಂತ ಒಂದೂ ಇಲ್ಲ. ಎಲ್ಲದಕ್ಕೂ ಒಂದೊಂದು ಉಪಾಯ ಇದೆ. ಮಿಕ್ಸಿ ಜಾರನ್ನು ಎಡಗೈಯಲ್ಲಿ ಒತ್ತಿ, ಬಲಗೈಯಲ್ಲಿ ವೈರ್ ಎತ್ತಿ ಹಿಡಿದರೆ ತಿರುಗುತ್ತದೆ. ಹಾಗಾಗಿ ಚಟ್ನಿ ಬೇಕಾದರೆ ಸ್ವಿಚ್ ಹಾಕಲು ಇನ್ನೊಬ್ಬರು ಬೇಕು. ಟಾರ್ಚು ತೊಡೆಗೆ ಎರಡು ಸಲ ಬಡಿದರೆ ಹತ್ತುತ್ತದೆ, ಮೂರನೇ ಸಲಕ್ಕೆ ಆರುತ್ತದೆ. ಸ್ಕೂಟರನ್ನು ಎಡಕ್ಕೆ ಮಲಗಿಸಿ ಎಬ್ಬಿಸಬೇಕು. ಬಚ್ಚಲ ನಲ್ಲಿ ಕೈಯಲ್ಲಿ ಬಿಚ್ಚುತ್ತದೆ, ಕಾಲಲ್ಲಿ ಒದ್ದರೆ ನಿಲ್ಲುತ್ತದೆ. ಹೊಸ ಅಳಿಯ ಮೊದಲ ಸಲ ಬಂದಾಗ ಅವನಿಗೆ ಒಂದು ದಿನ ಪೂರ್ತಿ ಟ್ರೈನಿಂಗ್ ಆಯಿತು. ಯಾವುದಕ್ಕೆ ಏನು ಹೇಳಿದರೂ ಭಾವನದು ಒಂದೇ ಉತ್ತರ: "ಏನೂ ಆಗಲ್ಲ ಮಾರಾಯ."

ಕಾರಿನ ವಿಷಯ ಹೇಳಿದೆ.

"ನಡುಗಿದ್ರೆ ಎಂತ ಆಯ್ತು? ಓಡ್ತದಲ್ಲ? ಚಳಿಗಾಲದಲ್ಲಿ ನಂಗೂ ಕೈ ನಡುಗ್ತದೆ. ಹಂಗಂತ ಕೈ ಬದಲಿಸ್ತಾರಾ?"

ಎಲ್ಲಾದರೂ ನಿಂತರೆ ನಾಲ್ಕು ಜನ ಸೇರಿ ತಳ್ಳಿದರಾಯಿತು ಅಂದರು. ಇದು ತಳ್ಳಿದರೆ ಸ್ಟಾರ್ಟ್ ಆಗಲ್ಲ ಭಾವ, ಇಂಜಿನ್ ತಿರುಗದೆ ಒಳಗಿನ ಎಣ್ಣೆಗೆ ಒತ್ತಡ ಬರಲ್ಲ ಅಂದೆ. "ತಳ್ಳಿದ್ರೂ ಸ್ಟಾರ್ಟ್ ಆಗದ್ದು ಎಂಥಾ ಕಾರು ಮಾರಾಯ?" ಅಂತ ನನ್ನ ಮುಖವನ್ನೇ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಲಬಾರದು ಅಂತ ಓದಿಕೊಂಡಿದ್ದನ್ನೆಲ್ಲ ತೆಗೆದೆ. ಈ ಕನ್ವರ್ಟರ್ ಸಣ್ಣ ವಿಷಯ ಅಲ್ಲ, 1905ರಲ್ಲಿ ಹರ್ಮನ್ ಫೋಟಿಂಗರ್ ಅಂತ ಜರ್ಮನಿಯ ಇಂಜಿನಿಯರ್ ಹಡಗಿಗೆ ಅಂತ ಮಾಡಿದ್ದು, ಆಮೇಲೆ ಕಾರಿಗೆ ಬಂತು ಅಂದೆ. ಹಾಗೆ ಹೇಳಿದ್ದೇ ತಪ್ಪಾಯಿತು.

"ಹಡಗಿಂದಾ? ಹಂಗಾದ್ರೆ ನೀರಿಟ್ಟೇ ನೋಡಾಣ!"

ಅವತ್ತು ತೀರ್ಥಹಳ್ಳಿಯಲ್ಲಿ ಒಂದು ಗೃಹಪ್ರವೇಶ. ಹಿಂದಿನ ದಿನ ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ದ ಭಾವ ನಮ್ಮಲ್ಲೇ ಉಳಿದಿದ್ದರು. ಬಿಳಿ ಪಂಚೆ, ಶಲ್ಯ ಹಾಕಿ, ನಮ್ಮನೆ ತಂಬಿಗೆಯಲ್ಲಿ ಕಂಠಮಟ್ಟ ನೀರು ತುಂಬಿಸಿಕೊಂಡು ಮುಂದಿನ ಸೀಟಲ್ಲಿ ಕೂತರು. ತಂಬಿಗೆ ತೊಡೆಯ ಮೇಲೆ. ನಾನು ವೇಗ ಕೂಗಬೇಕು, ಅವರು ನೀರು ನೋಡಿ ಹೇಳಬೇಕು. ಗಾಜನೂರಿನವರೆಗೆ ಏನೂ ಇಲ್ಲ. ಆಮೇಲೆ ರಸ್ತೆ ಖಾಲಿ ಸಿಕ್ಕಿತು.

"50" ಅಂದೆ. "ಕೆರೆ" ಅಂದರು.

"56." "ಸಣ್ಣ ಅಲೆ."

"60." "ಹೋ ಬಂತು, ಬಂತು, ಮಧ್ಯದಲ್ಲಿ ಉಂಗುರ ಎದ್ದಿದೆ ನೋಡು, ಚಂದ ಇದೆ!"

ರಸ್ತೆ ಬಿಟ್ಟು ನಾನು ಉಂಗುರ ನೋಡಲು ಆಗುತ್ತದಾ? "63!" ಅಂದೆ. "ತುಂಗೆ! ತುಂಬು ತುಂಗೆ!" ಅಂತ ಭಾವ ಕೂಗುವುದಕ್ಕೂ, ತಿರುವಿನಲ್ಲಿ ಒಂದು ಬಸ್ಸು ಪೂರ್ತಿ ನಮ್ಮ ಕಡೆಗೇ ಬರುವುದಕ್ಕೂ ಸರಿಹೋಯಿತು. ಬ್ರೇಕ್ ಒತ್ತಿದೆ. ಕಾರು ನಿಂತಿತು. ತುಂಗೆ ನಿಲ್ಲಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಭಾವ ಖಾಲಿ ತಂಬಿಗೆಯನ್ನು ಕಾಲ ಹತ್ತಿರ ಇಟ್ಟು, ಮಡಿಲಿನ ಕೆರೆಯನ್ನು ಒಮ್ಮೆ ನೋಡಿ, "ಏನೂ ಆಗಲ್ಲ, ಗಾಳಿಗೆ ಒಣಗ್ತದೆ" ಅಂದರು. ಪಂಚೆಯ ಒಂದು ತುದಿಯನ್ನು ಕಿಟಕಿಯಿಂದ ಆಚೆ ಬಿಟ್ಟುಕೊಂಡರು. ಮಂಡಗದ್ದೆಯಲ್ಲಿ ಹಕ್ಕಿ ನೋಡಲು ನಿಂತವರೆಲ್ಲ ಹಕ್ಕಿ ಬಿಟ್ಟು ನಮ್ಮನ್ನು ನೋಡಿದರು. ಯಾವುದೋ ಪಕ್ಷದ ಬಾವುಟ ಅಂದುಕೊಂಡ ಒಬ್ಬ ಕೈ ಮುಗಿದ. ಭಾವ ಅವನಿಗೂ ಕೈ ಮುಗಿದರು.

ಪಂಚೆ ಒಣಗಲಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದಕ್ಕೆ "ಇವನ ಕಾರಲ್ಲಿ ನೀರು" ಅಂತ ಅರ್ಧ ಹೇಳಿ ಸಾರಿಗೆ ಕೈ ಹಾಕಿದರು. ಪಾಯಸ ಬರುವ ಹೊತ್ತಿಗೆ ಆ ಮನೆ ತುಂಬ ನನ್ನ ಕಾರು ಸೋರುತ್ತಿತ್ತು. ಒಬ್ಬರು ಅಜ್ಜಿ ನನ್ನನ್ನು ಕರೆದು, ಅಡಿಕೆಗೆ ಹೊದೆಸುವ ಟಾರ್ಪಾಲು ಮನೆಯಲ್ಲಿದೆ, ಬೇಕಾದರೆ ತಗೊಂಡು ಹೋಗು ಮಗಾ ಅಂದರು. ಇವತ್ತಿಗೂ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಗುರುತಿನವರು ಸಿಕ್ಕರೆ ಮೊದಲು ಕೇಳುವುದು ಅದನ್ನೇ: "ಕಾರು ಸೋರ್ತಿತ್ತಂತಲ್ಲ, ಸರಿ ಆಯ್ತಾ?" ಲಾಕಪ್ ಕ್ಲಚ್ ಬಗ್ಗೆ ಒಬ್ಬನೂ ಕೇಳುವುದಿಲ್ಲ.

ಭಾವನ ಮೇಲೆ ಪೂರ್ತಿ ಸಿಟ್ಟು ಮಾಡಲೂ ಆಗಲ್ಲ. ನಾನು ಬೆಳೆದಿದ್ದೂ ಅಂಥದ್ದೇ ಮನೆಯಲ್ಲಿ. ಮೇ ತಿಂಗಳ ಕೊನೆಗೆ ಕೊಡೆ ರಿಪೇರಿಯವನು ಬರುತ್ತಿದ್ದ. ಜಗಲಿಯಲ್ಲಿ ಕೂತು ಅಪ್ಪನ ದೊಡ್ಡ ಕೊಡೆಯನ್ನು ಬಿಚ್ಚುತ್ತಿದ್ದ. ಮುರಿದ ಕಡ್ಡಿ ತೆಗೆದು ಬೇರೆ ಕಡ್ಡಿ, ಹರಿದ ಕಡೆ ಕಪ್ಪು ದಾರದ ಹೊಲಿಗೆ. ಒಂದೊಂದು ವರ್ಷ ಒಂದೊಂದು ಕಡ್ಡಿ. ಕೊನೆಗೆ ಹಿಡಿಕೆ ಒಂದೇ ಹಳೆಯದು ಉಳಿದಿತ್ತು. ಅಪ್ಪ ಹೋದ ವರ್ಷವೂ ಅವನು ಬಂದಿದ್ದ. ಕೊಡೆ ಕೊಡಿ ಅಂದ. ಅಮ್ಮ ಒಳಗಿಂದ ತಂದು ಕೊಟ್ಟಳು. ಏನೂ ಹಾಳಾಗಿರಲಿಲ್ಲ. ಆದರೂ ಬಿಚ್ಚಿ, ಎಣ್ಣೆ ಹಾಕಿ, ಮಡಚಿ ಕೊಟ್ಟು ಹೋದ. ದುಡ್ಡು ತಗೊಳ್ಳಲಿಲ್ಲ.

ಈ ಕನ್ವರ್ಟರನ್ನು ಜಗಲಿಯಲ್ಲಿ ಕೂತು ಬಿಚ್ಚಲು ಆಗಲ್ಲ. ಸುತ್ತ ವೆಲ್ಡಿಂಗ್ ಮಾಡಿ ಮುಚ್ಚಿದ ಉಂಡೆ ಅದು. ಕಡ್ಡಿ ಮುರಿದ ಕೊಡೆ ನೆಂಟರ ಕೊಡೆಯನ್ನು ಮುರಿಯುವುದಿಲ್ಲ. ಇದು ತಾನು ಸವೆಯುತ್ತಾ ಪಕ್ಕದವರನ್ನೂ ಸವೆಸುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಮತ್ತೆ ಗ್ಯಾರೇಜಿಗೆ ಹೋಗಿಲ್ಲ. ಮಳೆ ಕಳೀಲಿ, ಕೊಯ್ಲು ಮುಗೀಲಿ, ಹಬ್ಬ ಆಗಲಿ. 48ರಲ್ಲಿ ಹೋದರೆ ನಡುಗಲ್ಲ ಅಂತ 48ರಲ್ಲೇ ಹೋಗುತ್ತೇನೆ. ಹಿಂದೆ ಹಾರ್ನ್ ಹೊಡೆದವರಿಗೆಲ್ಲ ದಾರಿ ಬಿಡುತ್ತೇನೆ. ಮೊನ್ನೆ ಗೊಬ್ಬರ ತುಂಬಿದ ಟ್ರ್ಯಾಕ್ಟರಿನವನೂ ಹಾರ್ನ್ ಹೊಡೆದ.

ಇವತ್ತು ನಾವು ಭಾವನ ಮನೆಗೆ ಹೋಗಿದ್ದು ಮುಂದಿನ ಭಾನುವಾರದ ಮದುವೆಯ ಮಾತಿಗೆ. ಉಡುಪಿಯಲ್ಲಿ. ಆಗುಂಬೆ ಘಾಟಿ ಇಳಿಯಬೇಕು, ಸಂಜೆ ಅದೇ 14 ತಿರುವು ಹತ್ತಬೇಕು. ಏರಿನಲ್ಲಿ ನಿಧಾನಕ್ಕೆ ಎಳೆಯುವಾಗಲೇ ಕನ್ವರ್ಟರ್ ಎಣ್ಣೆ ಜಾಸ್ತಿ ಕಾಯುವುದು. ನನಗೆ ಧೈರ್ಯ ಸಾಲದು ಅಂದೆ.

"ಸುಮ್ನೆ ಹೆದರ್ತೀಯ. ಅದ್ರಲ್ಲೇ ಹೋಗು, ಏನೂ ಆಗಲ್ಲ ಮಾರಾಯ."

"ಸರಿ ಹಾಗಾದ್ರೆ. ನೀವೂ ಅಕ್ಕನೂ ನಮ್ಮ ಜೊತೆಗೇ ಬನ್ನಿ, ಸೀಟು ಖಾಲಿ ಇದೆ."

ಭಾವ ಕವಳದ ತಟ್ಟೆ ಹತ್ತಿರ ಎಳೆದುಕೊಂಡರು. ಎಲೆಗೆ ಸುಣ್ಣ ಹಚ್ಚಿದರು, ತುಂಬ ಹೊತ್ತು ಹಚ್ಚಿದರು.

"ನಾವು ಬಸ್ಸಲ್ಲಿ ಬರ್ತೀವಿ. ಕಂಡಕ್ಟರ್ ಗುರ್ತಿನವನು, ಮುಂದಿನ ಸೀಟು ಹೇಳಿಟ್ಟಿದ್ದೀನಿ."