ಬಿಯರ್ ಹಬ್ಬದಲ್ಲಿ ಊರಿಗೆ ಉಳಿಯೋದು

ಬಳ್ಳಾರಿಯಲ್ಲಿ ಬಿಯರ್ ಹಬ್ಬ ಮಾಡಬೇಕು ಅಂತ ನನ್ನ ಗೆಳೆಯನೊಬ್ಬನಿಗೆ ಕನಸು ಬಿದ್ದಿದೆ. ಕುಡಿಯೋಕಲ್ಲವಂತೆ, ಊರಿನ ಆರ್ಥಿಕ ಅಭಿವೃದ್ಧಿಗಂತೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಇಂಥ ಕನಸು ಬೀಳೋದು ಸಹಜ. ಆದರೆ ಇವನು ಲ್ಯಾಪ್‌ಟಾಪನ್ನೇ ತಂದಿದ್ದ, ಅದರಲ್ಲಿದ್ದ ಬಾಣಗಳೆಲ್ಲ ಮೇಲಕ್ಕೇ ಹೋಗುತ್ತಿದ್ದವು.

"ಮ್ಯೂನಿಕ್ ನೋಡು ದೋಸ್ತ" ಅಂದ. ನೋಡಿದೆ. ಜರ್ಮನಿಯ ಆ ಊರಲ್ಲಿ 1810ರಲ್ಲಿ ರಾಜಕುಮಾರನ ಮದುವೆ ಆಯಿತು, ಅದರ ಬೀಗರೂಟ ಇನ್ನೂ ಮುಗಿದಿಲ್ಲ. ಅದೇ ಈಗ ಅಕ್ಟೋಬರ್‌ಫೆಸ್ಟ್ ಅನ್ನೋ ಬಿಯರ್ ಹಬ್ಬ. 2024ರಲ್ಲಿ ಅದಕ್ಕೆ ಸುಮಾರು 67 ಲಕ್ಷ ಜನ ಬಂದು 70 ಲಕ್ಷ ಲೀಟರ್ ಬಿಯರ್ ಖಾಲಿ ಮಾಡಿದರು. ಹೋಟೆಲಿನವರು, ಟ್ಯಾಕ್ಸಿಯವರು, ಕೋಳಿ ಸುಡೋರು, ಎಲ್ಲರ ಗಲ್ಲಾನೂ ತುಂಬುತ್ತೆ. ಒಪ್ಪಿದೆ. ಆದರೆ ಅಲ್ಲಿ ಮ್ಯೂನಿಕ್ಕಿನದೇ ಆರು ಕಂಪನಿಗಳ ಬಿಯರ್ ಬಿಟ್ಟರೆ ಹೊರಗಿನದನ್ನು ಮಾರೋ ಹಾಗಿಲ್ಲ, ಅದಕ್ಕೇ ದುಡ್ಡು ಊರಲ್ಲೇ ಸುತ್ತುತ್ತೆ ಅನ್ನೋದು ಇವನ ಸ್ಲೈಡಲ್ಲಿ ಇರಲಿಲ್ಲ.

ನಮ್ಮಲ್ಲಿ ಸುತ್ತೋದು ತಲೆ ಮಾತ್ರ.

ಇವನ ಪಟ್ಟಿ ನೋಡಿ. ಬಿಯರ್ ಹೊರಗಿಂದ ಲಾರಿಯಲ್ಲಿ ಬರುತ್ತೆ. ಡಿಜೆ ಬೆಂಗಳೂರಿಂದ. ಪೆಂಡಾಲು, ಲೈಟು ಹೈದರಾಬಾದಿಂದ. ಬೌನ್ಸರ್‌ಗಳೂ ಅಲ್ಲಿಂದಲೇ, ಯಾಕಂದ್ರೆ ನಮ್ಮ ಗರಡಿ ಹುಡುಗರಿಗೆ ಇಂಗ್ಲಿಷಲ್ಲಿ ಗದರೋಕೆ ಬರಲ್ಲವಂತೆ! ಇನ್ನು ಸುಂಕ ನೇರವಾಗಿ ವಿಧಾನಸೌಧಕ್ಕೆ. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರ ಬಜೆಟ್‌ನಲ್ಲಿ ಶೇ 175ರಿಂದ 185ಕ್ಕೆ ಏರಿಸಿದರು, ಆಮೇಲೆ ಮತ್ತೂ ಏರಿತು. 2025-26ಕ್ಕೆ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಬೇಕು ಅಂದ್ರೆ ನಾವು ಕುಡೀಬೇಕು ಅಲ್ವಾ? ಇದೇ ಸರ್ಕಾರದಲ್ಲಿ ಮದ್ಯಪಾನ ಸಂಯಮ ಮಂಡಳಿ ಅಂತಲೂ ಒಂದಿದೆ. ಒಂದು ಕೈ ಸುರಿಯುತ್ತೆ, ಇನ್ನೊಂದು ಕೈ "ಸಾಕಪ್ಪಾ" ಅಂತ ಬೆನ್ನು ಸವರುತ್ತೆ.

"ರೈತರಿಗೂ ಲಾಭ" ಅಂದ. ಬಾರ್ಲಿ ಇಲ್ಲಿ ಯಾರು ಬೆಳೀತಾರೋ ಅಂದೆ. ಬಿಯರಿಗೆ ನುಚ್ಚಕ್ಕಿನೂ ಹಾಕ್ತಾರೆ, ಗಂಗಾವತಿ ಪಕ್ಕದಲ್ಲೇ ಇದೆ ಅಂದ. ಅದೇನೋ ನಿಜ, ಹಾಕ್ತಾರೆ. ಹಾಗಾದ್ರೆ ಅಲ್ಲಿನ ಭತ್ತದ ರೈತರಿಗೆ ಪಾಸ್ ಕೊಡ್ತೀಯಾ ಅಂತ ಕೇಳಿದ್ದಕ್ಕೆ ಮುಂದಿನ ಸ್ಲೈಡಿಗೆ ಹೋದ.

ಮುಂದಿನ ಸ್ಲೈಡು "ಮಹಿಳೆಯರ ಪಾಲ್ಗೊಳ್ಳುವಿಕೆ". ಗಾಜಿನ ಲೋಟ ಹಿಡಿದು ನಗೋ ನಾಲ್ಕು ಹುಡುಗಿಯರ ಫೋಟೊ. ನನಗೆ ಬೇರೆ ಪಾಲ್ಗೊಳ್ಳುವಿಕೆ ನೆನಪಾಯಿತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರ್ ಹತ್ತಿರ ನಡೆದರು, ಆ ಹೋರಾಟ ಗಟ್ಟಿಯಾಗಿದ್ದು ನಮ್ಮ ಪಕ್ಕದ ರಾಯಚೂರಲ್ಲೇ. ಅವರ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಶನಿವಾರದ ಕೂಲಿ ದುಡ್ಡು ಮನೆಗೆ ಬರೋ ಮುಂಚೆ ಎಲ್ಲಿ ಇಳಿಯುತ್ತೆ ಅನ್ನೋ ಲೆಕ್ಕ ಮಾತ್ರ ಬಾಯಿಪಾಠ ಇತ್ತು. ಇದನ್ನ ಹೇಳಿದರೆ ಗೆಳೆಯ "ಅವರು ನಮ್ಮ ಕಸ್ಟಮರ್ ಅಲ್ಲ" ಅಂದ.

ಕೊನೆಗೆ ಸ್ಥಳೀಯರ ಪಾಲು ಎಲ್ಲಿ ಅಂದೆ. "ಮಿರ್ಚಿ!" ಅಂದ. ಸರಿ, ಇಬ್ಬರೂ ಒಗ್ಗರಣೆ ಮಿರ್ಚಿ ಬಂಡಿಗೆ ಹೋದೆವು. ಒಳಗೆ ಸ್ಟಾಲ್ ಹಾಕೋಕೆ ಬಾಡಿಗೆ ಎಷ್ಟು ಅಂತ ಕೇಳಿದ ಅಕ್ಕ, ಉತ್ತರ ಕೇಳಿ ಜಾಲರಿ ಕೆಳಗಿಟ್ಟಳು. "ಗೇಟಿನ ಹೊರಗೇ ಇರ್ತೀನಿ ಬಿಡಪ್ಪಾ. ಕುಡಿದೋರು ತಿಂತಾರ, ರೊಕ್ಕ ಕೊಡೋದು ನೆನಪಿರಂಗಿಲ್ಲ."

ಬಂಡಿ ಪಕ್ಕ ಚಹಾ ಕುಡೀತಿದ್ದ ಗುಜರಿಯವನೊಬ್ಬನೇ ಪೂರ್ತಿ ಯೋಜನೆ ಕೇಳಿ ಖುಷಿಯಾದ. "ಎಷ್ಟು ಬಾಟ್ಲಿ ಬೀಳ್ತಾವಣ್ಣಾ? ಎರಡು ಟಂಟಂ ತರ್ಲೋ, ಮೂರು ತರ್ಲೋ?"